ಎರಡು ಗೊಂಚಲು ಕೀಲಿಕೈ

ಮೂಡಲಗಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ಆರ್ಡರು ಬರುವುದು ಫೋನಿನಲ್ಲಿ, ಹಣ ಬರುವುದೂ ಫೋನಿನಲ್ಲಿ. ಸಹಾಯಕ್ಕೆ ಒಬ್ಬ ಹುಡುಗಿ ಇದ್ದಾಳೆ. ಒಳ್ಳೆಯವಳೇ. ಆದರೆ ಆರ್ಡರು ನೋಡು ಅಂತ ಫೋನು ಕೊಟ್ಟರೆ ನನ್ನ ಬ್ಯಾಂಕು, ಮಕ್ಕಳ ಶಾಲೆ, ಗೃಹಲಕ್ಷ್ಮಿ ಹಣ ಎಲ್ಲವೂ ಅವಳ ಕಣ್ಣ ಮುಂದೆ. ಪಾಸ್‌ವರ್ಡುಗಳನ್ನೆಲ್ಲ ಒಂದೇ ನೋಟುಬುಕ್ಕಿನಲ್ಲಿ ಬರೆದಿದ್ದೇನೆ. ಏನು ಮಾಡಲಿ ಅಕ್ಕಾ?"

ಈ ಚಿಂತೆ ನಿಮ್ಮೊಬ್ಬರದೇ ಅಲ್ಲ ತಂಗಿ. ನಮ್ಮ ಗೋಕಾಕದಲ್ಲಿ ಕರದಂಟು ಮಾಡಿ ಕಳಿಸುವವರು, ಹಪ್ಪಳ ಸಂಡಿಗೆಯವರು, ಸೀರೆಗೆ ಫಾಲ್ ಹಚ್ಚುವವರು, ಎಲ್ಲರದೂ ಇದೇ ಪಾಡು. ಮನೆಯೂ ಒಂದೇ ಫೋನಿನಲ್ಲಿ, ಉದ್ಯೋಗವೂ ಅದೇ ಫೋನಿನಲ್ಲಿ.

ನಮ್ಮ ಅತ್ತೆಯವರ ಕಾಲದವರು ಇದನ್ನು ಚೆನ್ನಾಗಿ ತಿಳಿದಿದ್ದರು ನೋಡ್ರಿ. ಕಾಳಿನ ಕೋಣೆಯ ಕೀಲಿಕೈ ಆಳಿನ ಕೈಗೆ ಹೋಗುತ್ತಿತ್ತು, ಸಂಜೆ ತಿರುಗಿ ಬರುತ್ತಿತ್ತು. ಟ್ರಂಕಿನ ಕೀಲಿಕೈ ಮಾತ್ರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಆಳಿನ ಮೇಲೆ ಅನುಮಾನ ಅಂತ ಅಲ್ಲ. ಅವನ ಕೆಲಸಕ್ಕೆ ಬೇಕಾದದ್ದು ಕಾಳಿನ ಕೋಣೆ, ಅಷ್ಟೇ. ಹುಕ್ಕೇರಿಯ ಕಡೆ ಕರೆಂಟಿನ ಬಿಲ್ಲು ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ ಬರುತ್ತದೆ, ನಮಗೆ ಹೆಸ್ಕಾಂನಿಂದ. ಯಾರಿಂದ ಬಂದರೂ ಮನೆಗೊಂದು ಮೀಟರು, ಹಿಟ್ಟಿನ ಗಿರಣಿಗೊಂದು ಮೀಟರು. ಪಾಸ್‌ವರ್ಡಿನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲವನ್ನೂ ಒಂದೇ ತಂತಿಗೆ ಕಟ್ಟಿಬಿಡುತ್ತೇವೆ.

ಹುಕ್ಕೇರಿಯಿಂದ ಬಂದ ಇನ್ನೊಂದು ಪತ್ರ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ನೆಗೆಣ್ಣಿಯರಿಬ್ಬರು ಸೇರಿ ಮಸಾಲೆಪುಡಿಯ ಉದ್ಯೋಗ ಮಾಡುತ್ತಿದ್ದರು. ಹಿರಿಯಳ ಜಿಮೇಲ್ ಖಾತೆಯೊಂದೇ ಎಲ್ಲಕ್ಕೂ. ಆಹಾರ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಅದರಲ್ಲೇ, ಗಿರಾಕಿಗಳ ವಿಳಾಸವೂ ಅದರಲ್ಲೇ, ಮಕ್ಕಳ ಫೋಟೋಗಳೂ ಅದರಲ್ಲೇ, ಹಿರಿಯಳ ಆಸ್ಪತ್ರೆಯ ಕಾಗದಗಳೂ ಅದರಲ್ಲೇ. ಮನೆ ಬೇರೆಯಾಯಿತು. ಉದ್ಯೋಗ ಕಿರಿಯಳಿಗೆ ಅಂತ ಹಿರಿಯರ ಮುಂದೆ ಮಾತಾಯಿತು. ಆದರೆ ಕೊಡುವುದು ಹ್ಯಾಗೆ? ಪಾಸ್‌ವರ್ಡು ಕೊಟ್ಟರೆ ತನ್ನ ಖಾಸಗಿ ಸಂಗತಿಯೆಲ್ಲ ಕೊಟ್ಟಂತೆ ಅಂತ ಹಿರಿಯಳು, ಕೊಡದಿದ್ದರೆ ಉದ್ಯೋಗ ಕೊಟ್ಟಂತಾಗಲಿಲ್ಲ ಅಂತ ಕಿರಿಯಳು. ಇಬ್ಬರದೂ ಸರಿಯೇ! ಹೊಲಕ್ಕಾದರೆ ಬದು ಹಾಕಿ ಹಂಚಬಹುದು. ಒಂದು ಪಾಸ್‌ವರ್ಡಿಗೆ ಬದು ಹಾಕುವುದು ಎಲ್ಲಿ? ಈಗ ಇಬ್ಬರೂ ಮಾತು ಬಿಟ್ಟಿದ್ದಾರಂತೆ.

ಹಾಗಾಗಿ ಹೇಳುವುದು, ಬೇರೆ ಮಾಡುವ ಕೆಲಸವನ್ನು ಎಲ್ಲರೂ ಚೆನ್ನಾಗಿರುವಾಗಲೇ ಮಾಡಿಬಿಡಿ.

ಮೊದಲು ಉದ್ಯೋಗದ ಹೆಸರಿನಲ್ಲಿ ಬೇರೆಯೇ ಒಂದು ಜಿಮೇಲ್ ಖಾತೆ ತೆರೆಯಿರಿ. ಖಾತೆ ಮರಳಿ ಪಡೆಯಲು ಯಾವ ಮೊಬೈಲ್ ನಂಬರು ಅಂತ ಅದು ಕೇಳುತ್ತದಲ್ಲ, ಅಲ್ಲಿ ನಿಮ್ಮ ನಂಬರನ್ನೇ ಕೊಡಿ. ಕಂಪ್ಯೂಟರ್ ಅಂಗಡಿಯ ಹುಡುಗ "ನಂದೇ ಹಾಕ್ತೀನ್ರಿ ಅಕ್ಕಾರ, ಲಗೂನ ಆಗ್ತದ" ಅಂದರೆ ಬೇಡವೆನ್ನಿ. ಆ ಹುಡುಗ ನಾಳೆ ಪುಣೆಗೆ ಕೆಲಸಕ್ಕೆ ಹೋದರೆ ನಿಮ್ಮ ಓಟಿಪಿ ಪುಣೆಗೆ ಹೋಗುತ್ತದೆ.

ಇನ್ನು ಪಾಸ್‌ವರ್ಡ್ ಮ್ಯಾನೇಜರ್. ಹೆಸರು ಕೇಳಿ ಹೆದರಬೇಡಿ. ಅದು ಕೀಲಿಕೈಗಳನ್ನು ಇಡುವ ಒಂದು ಪೆಟ್ಟಿಗೆ. ಒಂದೊಂದು ಕಡೆಗೆ ಒಂದೊಂದು ಉದ್ದನೆಯ ಪಾಸ್‌ವರ್ಡನ್ನು ಅದೇ ಹುಟ್ಟಿಸುತ್ತದೆ, ಅದೇ ನೆನಪಿಡುತ್ತದೆ. ನೀವು ನೆನಪಿಡಬೇಕಾದದ್ದು ಪೆಟ್ಟಿಗೆ ತೆರೆಯುವ ಮುಖ್ಯ ಪಾಸ್‌ವರ್ಡು ಮಾತ್ರ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನದೇ ಒಂದು ಇದೆ. ಬಿಟ್‌ವಾರ್ಡನ್ ಎಂಬ ಆ್ಯಪ್ ಉಚಿತವಾಗಿಯೂ ಸಿಗುತ್ತದೆ, ನಮ್ಮ ಕೆಲಸಕ್ಕೆ ನನಗೆ ಹಿಡಿಸಿದ್ದು ಅದು. ಕಾರಣವಿಷ್ಟೇ: ಒಂದೇ ಫೋನಿನಲ್ಲಿ ಬೇರೆ ಬೇರೆ ಇಮೇಲ್‌ಗಳಿಂದ ಐದು ಖಾತೆಗಳವರೆಗೆ ಇಟ್ಟುಕೊಳ್ಳಬಹುದು. ನಮಗೆ ಎರಡು ಸಾಕು, ಮನೆಯ ಇಮೇಲ್‌ನಿಂದ ಒಂದು, ಉದ್ಯೋಗದ ಇಮೇಲ್‌ನಿಂದ ಒಂದು. ಮೇಲೆ ಕಾಣುವ ದುಂಡನೆಯ ಗುರುತನ್ನು ಒತ್ತಿದರೆ ಇದರಿಂದ ಅದಕ್ಕೆ ಹೋಗಬಹುದು. ಯಾವ ಖಾತೆ ಎದುರಿಗಿದೆಯೋ ಅದರ ಪಾಸ್‌ವರ್ಡುಗಳನ್ನಷ್ಟೇ ಅದು ತುಂಬುತ್ತದೆ. ಉದ್ಯೋಗದ ಕೆಲಸದ ನಡುವೆ ಮನೆಯದು ಇಣುಕುವುದಿಲ್ಲ.

ಎರಡಕ್ಕೂ ಒಂದೇ ಮುಖ್ಯ ಪಾಸ್‌ವರ್ಡು ಇಟ್ಟರೆ ಮಾತ್ರ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಪದ ಆರಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಬೀಸುಕಲ್ಲು, ಕೊಡೆ, ಹುಣಸೆ, ರೈಲು, ಗೆಜ್ಜೆ, ಈ ತರಹ. (ಇದನ್ನೇ ಇಟ್ಟುಕೊಳ್ಳಬೇಡಿ ಮತ್ತೆ, ಅಚ್ಚಾಗಿ ಎಲ್ಲರ ಮನೆಗೂ ಹೋಗಿದೆ!) ಮಕ್ಕಳ ಹೆಸರು, ಹುಟ್ಟಿದ ಇಸವಿ, ಗಾದೆಮಾತು, ಯಾವುದೂ ಬೇಡ. ಮರೆತರೆ ಕಂಪನಿಯವರೂ ಹೇಳಲಾರರು, ಅವರಿಗೆ ಅದು ಗೊತ್ತೇ ಇರುವುದಿಲ್ಲ. ಆದ್ದರಿಂದ ಎರಡನ್ನೂ ಎರಡು ಚೀಟಿಗಳಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ ಟ್ರಂಕಿನಲ್ಲಿಡಿ. ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ನಮಗೇನಾದರೂ ಆದರೆ ಪಾಪ, ಅವರು ಎಲ್ಲಿ ಹುಡುಕಬೇಕು?

"ಪೆಟ್ಟಿಗೆಯೇ ಕಳುವಾದರೆ?" ಅಂತ ಕೇಳುವಿರಿ. ಒಳ್ಳೆಯ ಪ್ರಶ್ನೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಕಂಪನಿಯಲ್ಲಿ ಅದೇ ಆಯಿತು. ಗಿರಾಕಿಗಳ ಪೆಟ್ಟಿಗೆಗಳ ನಕಲನ್ನೇ ಕಳ್ಳರು ಒಯ್ದರು. ಆದರೆ ಒಳಗಿನ ಪಾಸ್‌ವರ್ಡುಗಳೆಲ್ಲ ಗೂಢಲಿಪಿಯಲ್ಲಿದ್ದವು. ಮುಖ್ಯ ಪಾಸ್‌ವರ್ಡು ಊಹಿಸಿದರೆ ಮಾತ್ರ ಓದಲು ಸಾಧ್ಯ. ಹಾಗಾಗಿ ಅಲ್ಲಿ ಹೆಚ್ಚು ಅಪಾಯ ಇದ್ದದ್ದು ಚಿಕ್ಕದೊಂದು ಸುಲಭದ ಪಾಸ್‌ವರ್ಡು ಇಟ್ಟುಕೊಂಡವರಿಗೆ. ಐದು ಪದದ ಮಾತು ಹೇಳಿದ್ದು ಅದಕ್ಕೇ.

ಯಾವುದನ್ನು ಎಲ್ಲಿ ಇಡುವುದು ಎಂಬಲ್ಲಿ ಎಲ್ಲರೂ ತಡವರಿಸುತ್ತಾರೆ. ನಾಳೆ ಈ ಉದ್ಯೋಗವನ್ನು ಇನ್ನೊಬ್ಬಳಿಗೆ ಒಪ್ಪಿಸಿದರೆ ಇದು ಅವಳ ಜೊತೆ ಹೋಗಬೇಕೇ, ಅಂತ ಕೇಳಿಕೊಳ್ಳಿ. ಎಫ್‌ಎಸ್‌ಎಸ್‌ಎಐ ನೋಂದಣಿಯ ಯೂಸರ್‌ನೇಮು, ಮಾಲು ತರಿಸುವ ಅಂಗಡಿಗಳ ಖಾತೆ, ಉದ್ಯೋಗದ ಫೇಸ್‌ಬುಕ್ ಪುಟ, ಇವು ಹೋಗಬೇಕು. ಗ್ಯಾಸು, ಮಕ್ಕಳ ಶಾಲೆ, ಗೃಹಲಕ್ಷ್ಮಿಯ ಹಣ ಬರುವ ಬ್ಯಾಂಕು, ಇವು ಮನೆಯವು. ಉದ್ಯೋಗಕ್ಕೆ ಬ್ಯಾಂಕಿನ ಖಾತೆಯೂ ಬೇರೆ ಇರಲಿ. ಆದರೆ ಅದರಿಂದ ಹಣ ತೆಗೆಯುವ ಪಾಸ್‌ವರ್ಡನ್ನು ಸಹಾಯಕ್ಕಿರುವವರು ತೆರೆಯುವ ಪೆಟ್ಟಿಗೆಯಲ್ಲಿ ಹಾಕಬೇಡಿ. ಅದು ನಿಮ್ಮ ಸ್ವಂತದ ಪೆಟ್ಟಿಗೆಯಲ್ಲೇ ಇರಲಿ. ಯುಪಿಐ ಪಿನ್ನು, ಎಟಿಎಂ ಪಿನ್ನು ತಲೆಯಲ್ಲಷ್ಟೇ. ಹಣ ಬರಲು ಪಿನ್ನು ಒತ್ತಬೇಕಿಲ್ಲ ಎಂಬುದನ್ನು ಆ ಹುಡುಗಿಗೂ ಹೇಳಿಕೊಡಿ, "ನಿಮಗೆ ಹಣ ಹಾಕ್ತೀವಿ, ಪಿನ್ ಒತ್ತಿ" ಅನ್ನುವವನು ಕಳ್ಳನೇ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಮೂಡಲಗಿಯ ತಂಗಿ, ನಿಮ್ಮ ಮನೆಯಲ್ಲಿ ಹಳೆಯ ಫೋನು ಇದ್ದರೆ ಅದನ್ನು ಉದ್ಯೋಗಕ್ಕೆ ಬಿಟ್ಟುಬಿಡಿ. ಅದರಲ್ಲಿ ಉದ್ಯೋಗದ ಜಿಮೇಲು, ಉದ್ಯೋಗದ ಪೆಟ್ಟಿಗೆ, ಆರ್ಡರಿನ ವಾಟ್ಸಪ್ಪು ಮಾತ್ರ. ಹುಡುಗಿಯ ಕೈಯಲ್ಲಿ ಅದೇ ಇರಲಿ. ಎರಡನೆಯ ಫೋನು ಇಲ್ಲದಿದ್ದರೆ, ಬಳಸಿದ ಕೂಡಲೇ ಮನೆಯ ಪೆಟ್ಟಿಗೆ ತಾನೇ ಮುಚ್ಚಿಕೊಳ್ಳುವಂತೆ ಇಡಿ, ಬ್ಯಾಂಕಿನ ಆ್ಯಪಿಗೂ ಕೀಲಿ ಹಾಕಿ. ಇದೆಲ್ಲ ಬೇಸರವೆನಿಸಿದರೆ ನೋಟುಬುಕ್ಕೇ ಇರಲಿ, ನಾನು ನಗುವುದಿಲ್ಲ. ಆದರೆ ಒಂದರ ಬದಲು ಎರಡು ಕೊಳ್ಳಿರಿ. ಮನೆಯದು ಟ್ರಂಕಿನಲ್ಲಿ, ಉದ್ಯೋಗದ್ದು ರೊಟ್ಟಿಯ ಲೆಕ್ಕದ ಪಕ್ಕದಲ್ಲಿ.

ಹುಕ್ಕೇರಿಯ ಹಿರಿಯಕ್ಕನಿಗೆ: ಹಳೆಯ ಜಿಮೇಲ್ ನಿಮ್ಮಲ್ಲೇ ಉಳಿಯಲಿ. ಕಿರಿಯಳು ಹೊಸದು ತೆರೆಯಲಿ. ಇಬ್ಬರೂ ಒಂದು ಮಧ್ಯಾಹ್ನ ಎದುರುಬದುರು ಕೂತು ಗಿರಾಕಿಗಳ ವಿಳಾಸ, ಅಂಗಡಿಗಳ ಖಾತೆ, ಒಂದೊಂದನ್ನೇ ಹೊಸ ಇಮೇಲಿಗೆ ಬದಲಿಸಿ. ಎಫ್‌ಎಸ್‌ಎಸ್‌ಎಐ ನೋಂದಣಿ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಕೇಳಿಕೊಂಡೇ ಮಾಡಬೇಕು, ಬರೀ ಇಮೇಲು ಬದಲಿಸಿದರೆ ಸಾಲದು. ಕೆಲಸ ಮುಗಿಯಲು ಎರಡು ಮೂರು ಗಂಟೆ ಹಿಡಿದೀತು. ಚಹಾ ಯಾರ ಮನೆಯಲ್ಲಿ ಎಂಬುದನ್ನು ನೀವೇ ತೀರ್ಮಾನಿಸಿರಿ.