ವಿಚಿತ್ರ ಪ್ರಾಣಿಗೂ ಒಂದು ಹೆಸರಿದೆ ಸ್ವಾಮೀ...

ಮೊನ್ನೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. "ಜಗತ್ತಿನ ಹತ್ತು ವಿಚಿತ್ರ ಪ್ರಾಣಿಗಳು, ಕೊನೇದನ್ನ ನೋಡಿದ್ರೆ ಬೆಚ್ಚಿ ಬೀಳ್ತೀರಾ" ಅಂತ ತಲೆಬರಹ. ಬಾತುಕೋಳಿ ಕೊಕ್ಕಿನ ಪ್ಲಾಟಿಪಸ್, ಮುದ್ದೆ ಮುದ್ದೆಯಾಗಿ ಅಳುಮೋರೆ ಹಾಕಿಕೊಂಡ ಬ್ಲಾಬ್‌ಫಿಶ್, ಮಡಗಾಸ್ಕರಿನ ಐ-ಐ... ಎಲ್ಲಾ ಹತ್ತು ಸಲ ನೋಡಿದ್ದೇ. ಏಳನೇದೋ ಎಂಟನೇದೋ ಬಂದಾಗ ಮಾತ್ರ ಸರಿಯಾಗಿ ಎದ್ದು ಕೂತೆ. ಮೈತುಂಬಾ ಹಂಚು ಹೊದಿಸಿದ ಹಾಗಿದ್ದ ಒಂದು ಪ್ರಾಣಿ. ಕೆಳಗೆ "ಆಫ್ರಿಕಾದ ಕಾಡುಗಳ ಅಪರೂಪದ ಜೀವಿ" ಅಂತ ಬರೆದಿದ್ದರು.

ಕಳಿಸಿದವನು ಹೊಸದುರ್ಗದ ಗೆಳೆಯ. ತೆಂಗಿನ ತೋಟ ಇದೆ, ತೋಟದ ಹಿಂದೆಯೇ ಗುಡ್ಡ ಇದೆ. "ಲೇ, ಇದು ನಿಮ್ಮ ಗುಡ್ಡದಲ್ಲೇ ಇರೋ ಪ್ರಾಣಿ ಕಣೋ" ಅಂತ ಬರೆದೆ. "ಸುಮ್ನಿರಪ್ಪಾ, ತಮಾಷೆ ಮಾಡಬೇಡ" ಅಂದ.

ತಮಾಷೆ ಅಲ್ಲ. ಅದು ಚಿಪ್ಪುಹಂದಿ. ಪ್ರಪಂಚದಲ್ಲಿ ಎಂಟು ಜಾತಿಯ ಚಿಪ್ಪುಹಂದಿಗಳಿವೆ, ನಾಲ್ಕು ಆಫ್ರಿಕಾದಲ್ಲಿ, ನಾಲ್ಕು ಏಷ್ಯಾದಲ್ಲಿ. ಅದರಲ್ಲೊಂದು ನಮ್ಮದು. ಹಗಲೆಲ್ಲಾ ಬಿಲದಲ್ಲಿ ಮಲಗಿ ರಾತ್ರಿ ಹೊರಗೆ ಬರುವ ಪ್ರಾಣಿ, ಹಾಗಾಗಿ ಪಕ್ಕದ ಗುಡ್ಡದಲ್ಲಿದ್ದರೂ ನಮಗೆ ಗೊತ್ತಾಗೋದಿಲ್ಲ.

ಅಪ್ಪಿತಪ್ಪಿ ಯಾರ ಕಣ್ಣಿಗಾದರೂ ಬಿದ್ದರೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಮರುದಿನ ಜಿಲ್ಲಾ ಪುಟದಲ್ಲಿ ಒಂದು ಮೂಲೆಯಲ್ಲಿ ಸುದ್ದಿ: "ವಿಚಿತ್ರ ಪ್ರಾಣಿ ಪ್ರತ್ಯಕ್ಷ, ಗ್ರಾಮಸ್ಥರಲ್ಲಿ ಆತಂಕ". ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಊರಿನ ಹೆಸರು ಮಾತ್ರ ಬದಲು. ಒಮ್ಮೆ ಅದು ಪುನುಗು ಬೆಕ್ಕು, ಇನ್ನೊಮ್ಮೆ ಗೂಬೆ ಮರಿ, ಮತ್ತೊಮ್ಮೆ ಚಿಪ್ಪುಹಂದಿ. ಫೋಟೋದಲ್ಲಿ ಪ್ರಾಣಿ ಗೋಣಿಚೀಲದ ಮೇಲೆ ಮುದುರಿ ಬಿದ್ದಿರುತ್ತೆ, ಸುತ್ತ ಐವತ್ತು ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ. ಆತಂಕ ಯಾರಿಗೆ ಅಂತ ನೀವೇ ಹೇಳಿ!

ನನ್ನ ಜಗಳ ಇರೋದು ಈ "ವಿಚಿತ್ರ" ಅನ್ನೋ ಪದದ ಜೊತೆ. ಕರಡಿಯನ್ನೇ ನೋಡಿ. ಸ್ವಲ್ಪ ಯೋಚಿಸಿದರೆ ಕರಡಿಯಷ್ಟು ವಿಚಿತ್ರ ಪ್ರಾಣಿ ಇನ್ನೊಂದಿಲ್ಲ. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇಲ್ಲ, ಆ ಸಂದಿಯಲ್ಲಿ ಗಾಳಿ ಎಳೆದು ಹುತ್ತದ ಗೆದ್ದಲನ್ನು ಜೋರಾಗಿ ಸದ್ದು ಮಾಡುತ್ತಾ ಹೀರುತ್ತೆ. ಹೊಟ್ಟೆಗೆ ಹುಳ, ಹಣ್ಣು, ಜೇನು. ಮರಿಗಳನ್ನ ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತೆ. ಆದರೂ ಚಿತ್ರದುರ್ಗದ ಸೀಮೆಯಲ್ಲಿ ಕರಡಿ ಬಂದರೆ "ವಿಚಿತ್ರ ಪ್ರಾಣಿ" ಅಂತ ಯಾರೂ ಬರೆಯಲ್ಲ, "ಕರಡಿ ಬಂತು" ಅಂತ ಬರೆಯುತ್ತಾರೆ. ಯಾಕಂದ್ರೆ ಕರಡಿಗೆ ನಮ್ಮ ಬಾಯಲ್ಲಿ ಹೆಸರಿದೆ, ಕಥೆ ಇದೆ, ಗಾದೆ ಇದೆ. ಅದು ಏನು ಮಾಡುತ್ತೆ, ಏನು ಮಾಡಲ್ಲ ಅಂತ ಗೊತ್ತಿದೆ. ಭಯ ಇದೆ, ಆದರೆ ಪರಿಚಯದ ಭಯ.

ಚಿಪ್ಪುಹಂದಿಗೆ ಆ ಭಾಗ್ಯ ಇಲ್ಲ. ಅದರ ಹೆಸರು ಸರಿಯಾಗಿ ಗೊತ್ತಿರೋದು ಇಬ್ಬರಿಗೆ ಮಾತ್ರ. ಒಂದು ಅರಣ್ಯ ಇಲಾಖೆಯ ಗಾರ್ಡಿಗೆ, ಇನ್ನೊಂದು ಅದನ್ನ ಕೊಳ್ಳೋಕೆ ಬರುವವನಿಗೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನಾಗ ಏಳನೇ ಕ್ಲಾಸು. ಹೊಳಲ್ಕೆರೆ ಕಡೆ ಚಿಕ್ಕಪ್ಪನ ಮನೆಗೆ ಬೇಸಿಗೆ ರಜಕ್ಕೆ ಹೋಗಿದ್ದೆ. ಜಮೀನಿನ ಬದುವಿನಲ್ಲಿ ರಾತ್ರಿ ನೀರು ಕಟ್ಟಲು ಹೋದವರಿಗೆ ಇದು ಸಿಕ್ಕಿತು. ಓಡಲಿಲ್ಲ, ಕಚ್ಚಲಿಲ್ಲ, ಸುಮ್ಮನೆ ಚೆಂಡಿನ ಹಾಗೆ ಸುತ್ತಿಕೊಂಡಿತು. ತಂದು ತಗಡಿನ ಡ್ರಮ್ಮಿನಲ್ಲಿ ಹಾಕಿದರು. ಬೆಳಗಾಗುವಷ್ಟರಲ್ಲಿ ಊರೆಲ್ಲಾ ಸುದ್ದಿ. ನಾವು ಹುಡುಗರು ಡ್ರಮ್ಮಿನ ಕಾವಲುಗಾರರು! ಬಂದವರಿಗೆಲ್ಲಾ ಮುಚ್ಚಳ ತೆಗೆದು ತೋರಿಸೋದು, ಕೋಲಿನಲ್ಲಿ ತಿವಿದು "ನೋಡಿ ಹೆಂಗೆ ಸುತ್ಕೊಳ್ತದೆ" ಅನ್ನೋದು. ತಿನ್ನಲಿ ಅಂತ ಅನ್ನ ಹಾಕಿದ್ದೆವು, ಬಾಳೆಹಣ್ಣು ಹಾಕಿದ್ದೆವು. ಚಿಕ್ಕಮ್ಮ ಒಬ್ಬರೇ "ಪಾಪ ಕಣ್ರೋ, ಬಿಟ್ಟು ಬನ್ನಿ ಅದನ್ನ" ಅಂದಿದ್ದು. ಯಾರು ಕೇಳ್ತಾರೆ. ಎರಡನೇ ದಿನ ಬೆಳಗ್ಗೆ ಅದು ಸುತ್ತಿಕೊಂಡಿರಲಿಲ್ಲ. ಮೈ ಬಿಟ್ಟುಕೊಂಡು ಮಲಗಿತ್ತು. ನಿದ್ದೆ ಮಾಡ್ತಿದೆ ಅಂದುಕೊಂಡೆವು.

ಆ ಪ್ರಾಣಿಗೆ ಹಲ್ಲೇ ಇರೋದಿಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಇರುವೆ, ಗೆದ್ದಲು ಬಿಟ್ಟು ಬೇರೆ ಏನನ್ನೂ ತಿನ್ನದ ಜೀವ. ನಾಲಿಗೆಯ ಬುಡ ಬಾಯಲ್ಲಿಲ್ಲ, ಎದೆಗೂಡಿನ ಒಳಗೆ ಕೊನೆಯ ಪಕ್ಕೆಲುಬಿನ ಹತ್ತಿರ ಇದೆ. ಆ ಅಂಟು ನಾಲಿಗೆಯನ್ನ ಹುತ್ತದ ತೂತಿಗೆ ಬಿಟ್ಟು ಎಳೆದುಕೊಳ್ಳುತ್ತೆ. ಇರುವೆ ನುಗ್ಗದ ಹಾಗೆ ಮೂಗು, ಕಿವಿ ಮುಚ್ಚಿಕೊಳ್ಳುತ್ತೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ, ಅದು ತಾಯಿಯ ಬಾಲದ ಬುಡದ ಮೇಲೆ ಸವಾರಿ. ಹಿರಿಯೂರಿನ ಕಡ್ಲೆಕಾಯಿ ಹೊಲಕ್ಕೂ ಹೊಸದುರ್ಗದ ತೆಂಗಿನ ಸಸಿಗೂ ಗೆದ್ದಲು ಎಂಥಾ ಶತ್ರು ಅಂತ ರೈತರಿಗೆ ಹೇಳಬೇಕಾಗಿಲ್ಲ. ನಾವು ಅಂಗಡಿಯಿಂದ ಪುಡಿ ತಂದು ಹಾಕುವ ಕೆಲಸವನ್ನ ಅದು ಪುಕ್ಕಟೆ ಮಾಡ್ತಿತ್ತು.

ಇನ್ನು ಚಿಪ್ಪು. ಅದು ನಮ್ಮ ಉಗುರಿನ ವಸ್ತುವೇ, ಕೆರಾಟಿನ್. ಅದರಲ್ಲಿ ಔಷಧಿ ಇದೆ ಅನ್ನುವವರು ತಮ್ಮ ಉಗುರನ್ನೇ ಕತ್ತರಿಸಿ ಕುದಿಸಿ ಕುಡಿಯಬಹುದು :-) ಆದರೆ ಈ ನಂಬಿಕೆಗಾಗಿ ಪ್ರಪಂಚದಲ್ಲಿ ಅತಿ ಹೆಚ್ಚು ಕಳ್ಳಸಾಗಣೆ ಆಗುವ ಸಸ್ತನಿಗಳಲ್ಲಿ ಚಿಪ್ಪುಹಂದಿ ಮುಂದಿನ ಸಾಲಿನಲ್ಲಿದೆ. 2016ರಲ್ಲಿ ಜೊಹಾನ್ಸ್‌ಬರ್ಗಿನ ಸಭೆಯಲ್ಲಿ ಎಂಟೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಕ್ಕೆ ದೇಶಗಳು ಒಪ್ಪಿದವು. 2020ರಲ್ಲಿ ಚೀನಾ ತನ್ನ ಅಧಿಕೃತ ಔಷಧಿ ಪಟ್ಟಿಯಿಂದ ಚಿಪ್ಪನ್ನು ಕೈಬಿಟ್ಟಿತು. ನಮ್ಮಲ್ಲಂತೂ ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಸಿಂಹಕ್ಕೂ ಬಿಚ್ಚಲಾಗದ ಆ ಚೆಂಡನ್ನ ಮನುಷ್ಯ ಬಿಚ್ಚಬೇಕಾಗಿಯೇ ಇಲ್ಲ, ಎತ್ತಿ ಚೀಲಕ್ಕೆ ಹಾಕಿದರೆ ಆಯ್ತು.

ಮಣ್ಣುಮುಕ್ಕನ ಕಥೆ ಇನ್ನೂ ವಿಚಿತ್ರ. (ನೋಡಿ, ನಾನೇ ಆ ಪದ ಬಳಸಿಬಿಟ್ಟೆ.) ನಮ್ಮ ಕಡೆ "ಎರಡು ತಲೆ ಹಾವು" ಅಂತಾರಲ್ಲ ಅದು. ಆರು ತಿಂಗಳು ಈ ಕಡೆ ತಲೆ, ಆರು ತಿಂಗಳು ಆ ಕಡೆ ತಲೆ ಅಂತ ಚಿಕ್ಕಂದಿನಲ್ಲಿ ಎಲ್ಲರೂ ಕೇಳಿದ್ದೀವಿ. ಇರೋದು ಒಂದೇ ತಲೆ. ಬಾಲ ಮೊಂಡ, ಅಷ್ಟೇ. ಶತ್ರು ಬಂದರೆ ತಲೆಯನ್ನ ಮೈಯೊಳಗೆ ಬಚ್ಚಿಟ್ಟು ಬಾಲವನ್ನ ಮುಂದೆ ಮಾಡುತ್ತೆ, ಪೆಟ್ಟು ಬಿದ್ದರೆ ಬಾಲಕ್ಕೆ ಬೀಳಲಿ ಅಂತ. ವಿಷ ಇಲ್ಲ. ಸಡಿಲ ಮಣ್ಣಿನೊಳಗೆ ಇದ್ದು ಇಲಿ ತಿಂದು ಬದುಕುತ್ತೆ, ಮೊಟ್ಟೆ ಇಡದೆ ಮರಿ ಹಾಕುತ್ತೆ. ಜೀವ ಉಳಿಸಿಕೊಳ್ಳೋಕೆ ಕಲಿತ ಆ ಎರಡು ತಲೆಯ ನಾಟಕವೇ ಈಗ ಅದರ ಜೀವ ತೆಗೀತಿದೆ. ಮನೆಯಲ್ಲಿದ್ದರೆ ಐಶ್ವರ್ಯ, ನಿಧಿ ತೋರಿಸುತ್ತೆ, ಇಷ್ಟು ಕೆಜಿ ತೂಗಿದರೆ ಇಷ್ಟು ಲಕ್ಷ, ಕೋಟಿ... ಆಗಾಗ ಪೊಲೀಸರು ಹಿಡಿದ ಸುದ್ದಿ ಬರುತ್ತೆ. ಟೇಬಲ್ ಮೇಲೆ ಹಾವು, ಹಿಂದೆ ತಲೆ ತಗ್ಗಿಸಿ ನಿಂತ ಮೂರ್ನಾಲ್ಕು ಕೂಲಿ ಜನ. ಕೊಳ್ಳೋಕೆ ಹೊರಟಿದ್ದ ದುಡ್ಡಿನವರು ಆ ಫೋಟೋದಲ್ಲಿ ಇದ್ದದ್ದನ್ನ ನಾನಂತೂ ನೋಡಿಲ್ಲ. ಬಡವನಿಗೆ ಆಸೆ ತೋರಿಸಿದ ವಿದ್ಯಾವಂತರ ಮೇಲೆ ನನಗೆ ಹೆಚ್ಚು ಸಿಟ್ಟು.

ಕಾಡುಪಾಪದ್ದೂ ಇದೇ ಪಾಡು. ಪಕ್ಕದ ತುಮಕೂರು ತಾಲ್ಲೂಕಿನ ನಾಗವಲ್ಲಿ ಊರು ಕಾಡುಪಾಪಕ್ಕೇ ಹೆಸರಾಗಿದೆ. ಬಾಲ ಇಲ್ಲ, ಕಡ್ಡಿಯಂಥ ಕೈಕಾಲು, ಮುಖದ ತುಂಬಾ ಕಣ್ಣು. ರಾತ್ರಿ ಹುಳ ಹಿಡಿಯೋಕೆ ಅಂಥಾ ಕಣ್ಣು ಬೇಕು. ಆ ಕಣ್ಣಿಗೆ ನಾವು ಕೊಟ್ಟ ಬೆಲೆ ಏನು? ಮಾಟ, ವಶೀಕರಣ, ಅಮಾವಾಸ್ಯೆ ಪೂಜೆ. ಇದರ ದೂರದ ನೆಂಟ ಮಡಗಾಸ್ಕರಿನ ಐ-ಐ. ತೆಳ್ಳಗೆ ಉದ್ದವಾದ ನಡುಬೆರಳಿನಿಂದ ಮರ ತಟ್ಟಿ, ಸದ್ದು ಕೇಳಿ ಒಳಗಿನ ಹುಳ ಪತ್ತೆ ಮಾಡುತ್ತೆ. ಆ ಬೆರಳು ತೋರಿಸಿದರೆ ಸಾವು ಅಂತ ಅಲ್ಲಿನ ಕೆಲವು ಊರುಗಳಲ್ಲಿ ಕಂಡಲ್ಲೇ ಕೊಲ್ಲುತ್ತಿದ್ದರು. ಸಮುದ್ರ ದಾಟಿದರೂ ಮನುಷ್ಯನ ಬುದ್ಧಿ ಒಂದೇ.

ಬ್ಲಾಬ್‌ಫಿಶ್ ವಿಷಯ ಗೊತ್ತಾ? 2013ರಲ್ಲಿ ಜಗತ್ತಿನ ಅತಿ ಕುರೂಪಿ ಪ್ರಾಣಿ ಅಂತ ಅದಕ್ಕೆ ಓಟು ಬಿತ್ತು. ಆಳ ಸಮುದ್ರದ ಒತ್ತಡದಲ್ಲಿ ಅದು ಮಾಮೂಲಿ ಮೀನಿನ ಹಾಗೇ ಕಾಣುತ್ತೆ. ಬಲೆಯಲ್ಲಿ ಮೇಲೆ ಎಳೆದಾಗ ಒತ್ತಡ ತಪ್ಪಿ ಮೈ ಕುಸಿದು ಮುದ್ದೆಯಾಗುತ್ತೆ. ನಾವು ನಗೋದು ನಾವೇ ಕೆಡಿಸಿದ ಆ ಮುಖ ನೋಡಿ. ನನ್ನ ಡ್ರಮ್ಮಿನ ಚಿಪ್ಪುಹಂದಿಯೂ ಹಾಗೇ. ಹಗಲು ಬೆಳಕು, ಗದ್ದಲ, ಕೋಲು. ಊರವರು ಅದನ್ನ ನೋಡಿದ್ದು ಅಷ್ಟೇ.

"ಅಚ್ಚರಿ ಇಲ್ಲದೆ ಮಕ್ಕಳಿಗೆ ಪ್ರಾಣಿಗಳ ಮೇಲೆ ಆಸಕ್ತಿ ಹೇಗೆ ಬರುತ್ತೆ?" ಅಂತ ನೀವು ಕೇಳಬಹುದು. ಒಪ್ಪಿದೆ. 1799ರಲ್ಲಿ ಲಂಡನ್ನಿಗೆ ಬಂದ ಪ್ಲಾಟಿಪಸ್ ಚರ್ಮ ನೋಡಿ ಜಾರ್ಜ್ ಶಾ ಅನ್ನೋ ವಿಜ್ಞಾನಿಗೂ ಇದು ಯಾರೋ ಕೊಕ್ಕು ಅಂಟಿಸಿ ಮಾಡಿದ ಮೋಸ ಇರಬೇಕು ಅನ್ನಿಸಿತ್ತು. ಹೊಲಿಗೆ ಹುಡುಕಿದನಂತೆ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ, ಪರೀಕ್ಷೆ ಮಾಡಿ, ಹೆಸರಿಟ್ಟು, ವಿವರ ಬರೆದ. ನಮ್ಮ ಪತ್ರಿಕೆಯವರು, ಯೂಟ್ಯೂಬಿನವರು ಅಷ್ಟಾದರೂ ಮಾಡಬೇಡವೇ? ಒಂದು ಫೋನ್ ಮಾಡಿ ಕೇಳಿದರೆ ಹೆಸರು ಸಿಗುತ್ತೆ. "ಚಿಪ್ಪುಹಂದಿ ಬಂದಿತ್ತು, ಗೆದ್ದಲು ತಿನ್ನುತ್ತೆ, ಯಾರಿಗೂ ತೊಂದರೆ ಮಾಡಲ್ಲ, ಹಿಡಿದರೆ ಜೈಲು" ಅಂತ ಎರಡು ಸಾಲು ಬರೆದರೆ ಸಾಕು. ಸಿಕ್ಕ ಜಾಗ ಯಾವ ಸರ್ವೆ ನಂಬರ್ ಅಂತ ಮಾತ್ರ ದಯವಿಟ್ಟು ಬರೆಯಬೇಡಿ, ಓದುವವರಲ್ಲಿ ಚೀಲ ಹಿಡಿದವರೂ ಇರ್ತಾರೆ.

ಜೋಗಿಮಟ್ಟಿ ಕಾಡು 2015ರಲ್ಲಿ ವನ್ಯಜೀವಿಧಾಮ ಆಯ್ತು, ಸಂತೋಷ. ಪಕ್ಕದ ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಕ್ಕೆ ಅಂತಲೇ ಒಂದು ಧಾಮ ಮಾಡಿತು, ಅದೂ ಸಂತೋಷ. ಆದರೆ ಈ ಮೂರೂ ಪ್ರಾಣಿಗಳು ಧಾಮದ ಗಡಿ ನೋಡಿ ಬದುಕುವಂಥವಲ್ಲ. ಇವು ಬೇಲಿಯಲ್ಲಿ, ಬದುವಿನಲ್ಲಿ, ಹುಣಸೆ ಮರದಲ್ಲಿ, ಗೋಮಾಳದ ಹುತ್ತದ ಪಕ್ಕ ಇರುವಂಥವು. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಕಾಡುಪಾಪ ಆಚೆ ದಾಟುತ್ತೆ, ನೆಗೆಯೋದು ಅದಕ್ಕೆ ಬರಲ್ಲ. ಗಿಡದ ಬೇಲಿ ಕಿತ್ತು ತಂತಿ ಹಾಕಿದರೆ ಅದರ ರಸ್ತೆಯೇ ಹೋಯ್ತು. ದಕ್ಷಿಣ ಆಫ್ರಿಕಾದಲ್ಲಿ ಕರೆಂಟ್ ಬೇಲಿ ತಾಗಿದ ಚಿಪ್ಪುಹಂದಿ ಗಾಬರಿಯಲ್ಲಿ ಆ ತಂತಿಗೇ ಸುತ್ತಿಕೊಂಡು ಸಾಯುತ್ತೆ. ನಮ್ಮ ತೋಟಗಳಿಗೂ ಕರೆಂಟ್ ಬೇಲಿ ಬಂದಿದೆ. ಹಾಗಾಗಿ ಇವನ್ನ ಉಳಿಸೋದು ಬಿಡೋದು ಇಲಾಖೆಗಿಂತ ಹೆಚ್ಚಾಗಿ ತೋಟದವರ ಕೈಲಿದೆ. ಕಂಡರೆ ದೂರ ನಿಲ್ಲಿ, ಅದೇ ಹೋಗುತ್ತೆ. ಗಾಯ ಆಗಿದ್ದರೆ, ಯಾರಾದರೂ ಹಿಡಿದಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಇದನ್ನೆಲ್ಲಾ ಹೊಸದುರ್ಗದ ಗೆಳೆಯನಿಗೂ ಕಳಿಸಿದ್ದೆ. ರಾತ್ರಿ ಅವನ ವಾಯ್ಸ್ ಮೆಸೇಜ್ ಬಂತು. ವಿಡಿಯೋವನ್ನ ಅವರಮ್ಮನಿಗೆ ತೋರಿಸಿದನಂತೆ. ಹಿಂದೆ ಅಮ್ಮನ ದನಿಯೂ ಕೇಳ್ತಿತ್ತು: "ಅಯ್ಯೋ, ಚಿಪ್ಪಂದಿ ಅಲ್ವೇನೋ ಅದು! ಗುಡ್ಡಕ್ಕೆ ಸೌದೆಗೆ ಹೋದಾಗ ಎಷ್ಟು ಸಲ ನೋಡಿಲ್ಲ ನಾವು." ಕೊನೇ ಸಲ ನೋಡಿದ್ದು ಯಾವಾಗ ಅಂತ ಅಮ್ಮನ್ನ ಕೇಳೋ ಅಂದಿದ್ದೇನೆ.