ಎರಡನೆಯ ಗುಂಡು

ಕಳೆದ ಸಂಚಿಕೆಗೆ ನನ್ನ ಲೇಖನ ಬರಲಿಲ್ಲ. ಕಕ್ಕಡ ಮಾಸದ ಮಳೆಯಲ್ಲಿ ತಂದೆಯವರು ಕಾಲವಾದರು. ಕಚೇರಿಗೆ ರಜೆ ಹಾಕಿ ಡೊಂಬಿವಲಿಯಿಂದ ಕೊಡಗಿಗೆ ಓಡಿದೆ. ಅಲ್ಲಿ ನಡೆದ ಸಂಗತಿಯೊಂದನ್ನು ಈ ಸಲ ಹೇಳಬೇಕೆಂದಿದ್ದೇನೆ.

ನಮ್ಮ ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಂಟು. ಎರಡು ಸದ್ದು ಕೇಳಿದೊಡನೆ ಊರವರು ಕೈಗೆಲಸ ಬಿಟ್ಟು ಬರುತ್ತಾರೆ. 1861ರಿಂದ ಬಂದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿಸಿತು. ಅಲ್ಲಿ ಕೋವಿಯೆಂದರೆ ಮನೆಯ ಒಬ್ಬ ಹಿರಿಯನಿದ್ದಂತೆ.

ನಮ್ಮದು ಎರಡು ನಳಿಗೆಯ ಹಳೆಯ ಕೋವಿ. ಸೇನೆಯಿಂದ ನಿವೃತ್ತರಾದ ಚಿಕ್ಕಪ್ಪ ಅಂಗಳದಲ್ಲಿ ನಿಂತು ಕುದುರೆ ಎಳೆದರು. ಎಡ ನಳಿಗೆ ‘ಢಂ’ ಎಂದಿತು. ಬಲ ನಳಿಗೆ ಬರಿಯ ‘ಟಿಕ್’ ಎಂದು ಸುಮ್ಮನಾಯಿತು. ಚಿಕ್ಕಪ್ಪ ಕದಲಲಿಲ್ಲ. ನಳಿಗೆಯನ್ನು ಆಕಾಶಕ್ಕೇ ಹಿಡಿದು ಅರ್ಧ ನಿಮಿಷ ಮಳೆಯಲ್ಲಿ ನಿಂತರು. ಒಳಗಿನಿಂದ ಅಮ್ಮ ಬಾಗಿಲಿಗೆ ಬಂದು ನೋಡಿದರು. ಅನಂತರ ಚಿಕ್ಕಪ್ಪ ಕೋವಿ ಮುರಿದು, ಎಡ ನಳಿಗೆಗೇ ಬೇರೊಂದು ತೋಟಾ ಹಾಕಿ ಎರಡನೆಯ ಗುಂಡು ಹಾರಿಸಿದರು.

ಕರ್ಮಾಂತರಗಳು ಮುಗಿದ ಮೇಲೆ ಅವರು ಆ ಹಾರದ ತೋಟಾವನ್ನು ನನ್ನ ಅಂಗೈಗಿಟ್ಟರು. “ಹಿಂದಿನ ಟೊಪ್ಪಿ ನೋಡು. ಪೆಟ್ಟಿನ ಗುಳಿ ಆಳವಾಗಿದ್ದೂ ಹಾರದಿದ್ದರೆ ತಪ್ಪು ತೋಟಾದ್ದು. ಹಳೆಯದಾಗಿದೆ, ಇಲ್ಲವೆ ತೇವ ಹಿಡಿದಿದೆ. ಗುಳಿ ಮೇಲುಮೇಲೆ ಇದ್ದರೆ ತಪ್ಪು ಕೋವಿಯದು. ಸ್ಪ್ರಿಂಗು ಸೋತಿದೆ, ಮೊಳೆ ಸವೆದಿದೆ, ಅಥವಾ ಜಿಡ್ಡು ಕಟ್ಟಿದೆ.” ಗುಳಿ ಉಗುರಿನಿಂದ ಒತ್ತಿದಷ್ಟೇ ಇತ್ತು.

ಜಿಡ್ಡು ಎಲ್ಲಿಂದ ಬಂತು? ಹೇಳಲು ನಾಚಿಕೆ. ತಂದೆಯವರಿಗೆ ಮೈ ಸರಿಯಿಲ್ಲದ ಕಾರಣ ಹಿಂದಿನ ವರ್ಷದ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿದವನು ನಾನೇ. ಮುಂಬಯಿಯಿಂದ ಒಯ್ದ ಕೊಬ್ಬರಿಎಣ್ಣೆಯನ್ನು ಧಾರಾಳವಾಗಿ ಸುರಿದು, ನಳಿಗೆ ಮೇಲಾಗಿ ಗೋಡೆಗೊರಗಿಸಿದ್ದೆ. ಎಣ್ಣೆ ಕೆಳಗಿಳಿದು ಮೊಳೆಯ ಸಂದಿಗೆ ಸೇರಿತು. ಕೊಡಗಿನ ಚಳಿಗೆ ಅದು ತುಪ್ಪದಂತೆ ಗಟ್ಟಿಯಾಗದೆ ಇರುತ್ತದೆಯೇ? ಚಿಕ್ಕಪ್ಪ ಗದರಿಸಲಿಲ್ಲ. ಅದೇ ಹೆಚ್ಚು ನೋಯಿತು.

ಅವರ ಬಳಿ ಒಂದು ರಿವಾಲ್ವರೂ ಇದೆ. ಅದನ್ನು ಖಾಲಿ ಮಾಡಿ, ಆರು ಮನೆಗಳನ್ನೂ ಎಣಿಸಿ ತೋರಿಸಿ, ಪಾಠ ಮುಂದುವರಿಸಿದರು. ರಿವಾಲ್ವರಿನಲ್ಲಿ ಒಂದು ತೋಟಾ ಹಾರದಿದ್ದರೆ ಮತ್ತೊಮ್ಮೆ ಕುದುರೆ ಎಳೆದರೆ ಮುಂದಿನದು ತಾನಾಗಿ ಎದುರು ಬರುತ್ತದೆ. ಆದರೆ ಅಭ್ಯಾಸದ ಮೈದಾನದಲ್ಲಿ ಹಾಗೆ ಅವಸರ ಪಡಬಾರದು. ಟೊಪ್ಪಿಯ ಕಿಡಿ ಒಮ್ಮೊಮ್ಮೆ ತಡವಾಗಿ ಮದ್ದಿಗೆ ಮುಟ್ಟುತ್ತದೆ. ಅಷ್ಟರಲ್ಲಿ ಉರುಳೆ ತಿರುಗಿದ್ದರೆ ಗುಂಡಿಗೆ ನಳಿಗೆಯ ದಾರಿಯೇ ಇಲ್ಲ, ಹಿಡಿದ ಕೈಗೇ ಅಪಾಯ. ಮಳೆಯಲ್ಲಿ ಅವರು ಅರ್ಧ ನಿಮಿಷ ಕಾದದ್ದೂ ಇಂಥ ತಡವಾದ ಕಿಡಿಗೆ ಹೆದರಿಯೇ.

ಲೈಸೆನ್ಸು ಪಡೆದು ಆಯುಧ ಇಟ್ಟುಕೊಂಡ ಬಂಧುಗಳು ನಮ್ಮಲ್ಲೂ ಇರಬಹುದು. ಮುಂಬಯಿಯ ಕಡಲ ಗಾಳಿಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಚಿಕ್ಕಪ್ಪನ ಮಾತನ್ನು ಅವರಿಗಾಗಿ ಬರೆಯುತ್ತೇನೆ. ಮೊದಲು ಖಾಲಿಯೆಂದು ಎರಡು ಸಲ ನೋಡಿ. ನಳಿಗೆ, ಉರುಳೆಯ ಮನೆಗಳು, ಖಾಲಿ ತೋಟಾ ಹೊರದಬ್ಬುವ ನಕ್ಷತ್ರದಾಕಾರದ ತಗಡಿನ ಅಡಿ, ಇವುಗಳ ಮಸಿ ತೆಗೆದು ಒಣಬಟ್ಟೆಯಿಂದ ಒರೆಸಿ. ಅಡಿಗೆಮನೆಯ ಎಣ್ಣೆ ಬೇಡ; ಬಂದೂಕಿನ ಎಣ್ಣೆ ಒಂದು ಹನಿ ಸಾಕು. ತೋಟಾಕ್ಕೆ ಎಣ್ಣೆ ತಾಗಿಸಬೇಡಿ. ಅದನ್ನು ಬೇರೆಯಾಗಿ, ಒಣಗಿದ ಡಬ್ಬಿಯಲ್ಲಿ, ಬೀಗ ಹಾಕಿಡಿ. ತೊಗಲಿನ ಚೀಲದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ತೊಗಲು ತೇವ ಹೀರುತ್ತದೆ. ಸ್ಪ್ರಿಂಗು, ಮೊಳೆಗಳನ್ನು ನೀವೇ ಬಿಚ್ಚದೆ ಬಲ್ಲ ಕಮ್ಮಾರನಿಗೆ ಕೊಡಿ.

ಈ ಸೆಪ್ಟೆಂಬರಿನ ಹಬ್ಬಕ್ಕೆ ಮತ್ತೆ ಹೋಗಿದ್ದೆ. ರಿಪೇರಿಯಾಗಿ ಬಂದಿದ್ದ ಕೋವಿಯನ್ನು ನಾನೇ ಒರೆಸಿದೆ. ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ನೋಡಿದರು, ಅಷ್ಟೆ. ನಳಿಗೆಗೆ ತೋಕ್‌ಪೂ ಸಿಕ್ಕಿಸಿ ದೇವರ ಮುಂದಿಟ್ಟೆವು. ಪೂಜೆಯಾದ ಮೇಲೆ ಹೂ ತೆಗೆದು, ತೆಂಗಿನಕಾಯಿಗೆ ಗುರಿಯಿಟ್ಟು ಬಲ ನಳಿಗೆಯ ಕುದುರೆ ಎಳೆದೆ. ಕಾಯಿಗೆ ತಾಗಲಿಲ್ಲ. ಆದರೆ ‘ಢಂ’ ಎಂದಿತು. ಒಳಗಿದ್ದ ಅಮ್ಮ ಬಾಗಿಲಿಗೆ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದರು.