ವ್ಯಾನ್ ಬೇಡ, ಬಸ್‌ಸ್ಟ್ಯಾಂಡಲ್ಲಿ ಲೈಟ್ ಹಾಕಿ

1/8 📍 ಕಾಪು ಬೀಚ್

ಡಿಸೆಂಬರ್ ಬಂತು ಅಂದ್ರೆ ನಿಮ್ಮ ಫೀಡಿಗೂ ಅದೇ ರೀಲ್ ಬರ್ತಾ ಇರ್ಬೇಕು. ಒಂದು ಬಿಳಿ ವ್ಯಾನ್. ಹಿಂದಿನ ಬಾಗಿಲು ತೆಗೆದ್ರೆ ಹಾಸಿಗೆ, ಹಾಸಿಗೆಯ ಆಚೆ ಸಮುದ್ರ. ಒಬ್ಬಳು ಹುಡುಗಿ ಕಾಫಿ ಕುಡೀತಾ ಕೂತಿದ್ದಾಳೆ. ಮೇಲೆ ಬರೆದಿರ್ತದೆ: ಚಳಿಗಾಲಕ್ಕೆ ದಕ್ಷಿಣಕ್ಕೆ ಹೊರಟೆ, ಒಬ್ಬಳೇ.

ನನ್ನ ಕ್ಲಾಸಿನ ಅರ್ಧ ಹುಡುಗಿಯರು ಅದನ್ನು ಸೇವ್ ಮಾಡಿಟ್ಟಿದ್ದಾರೆ. "ಕೆಲಸ ಸಿಕ್ಕಿದ ಮೇಲೆ ಇದೇ ಮಾಡುದು ಮಾರಾಯ್ತಿ" ಅಂತಾರೆ. ಈ ಎಂಟು ಪೋಸ್ಟ್ ಬರೀತಾ ಇರುವುದು ಆ ಮಾತಿಗೆ ಉತ್ತರವಾಗಿ. ಒಬ್ಬಳೇ ಹೋಗುವುದು ನೂರಕ್ಕೆ ನೂರು ಸರಿ. ಅದಕ್ಕೆ ವ್ಯಾನ್ ಬೇಕು ಅನ್ನುವುದು ಮಾತ್ರ ತಪ್ಪು, ಮತ್ತು ಆ ತಪ್ಪಿನಿಂದ ನಷ್ಟ ನಮಗೇ.

ಕೆನಡಾ, ಅಮೆರಿಕದ ಉತ್ತರದಲ್ಲಿ ಹಿಮ ಬೀಳಲಿಕ್ಕೆ ಶುರುವಾದ್ರೆ ರಿಟೈರ್ ಆದವರು ಮನೆಯಂಥ ಗಾಡಿ ತಗೊಂಡು ಫ್ಲೋರಿಡಾ, ಅರಿಜೋನಾ ಕಡೆ ಹೋಗ್ತಾರೆ. ಅವರಿಗೆ ಅದು ಚಳಿಯಿಂದ ತಪ್ಪಿಸಿಕೊಳ್ಳುವ ದಾರಿ. ನಮಗೆ ಎಂಥ ಚಳಿ? ಜನವರಿ ಬೆಳಿಗ್ಗೆ ಇಪ್ಪತ್ತು ಡಿಗ್ರಿ ಆದ್ರೆ ಅಜ್ಜಿ ಸ್ವೆಟರ್ ಹುಡುಕ್ತಾರೆ. ಚಳಿಗೆ ಓಡಿ ಬಂದವರು ತಲುಪುವ ದಕ್ಷಿಣವೇ ನಮ್ಮೂರು. ಹಾಗಾದ್ರೆ ಆ ವ್ಯಾನಿನಲ್ಲಿ ನಮ್ಮನ್ನು ಎಳೆಯುವುದು ಯಾವುದು? ಮುಂದಿನದಕ್ಕೆ ಬನ್ನಿ.

2/8 📍 ಕಾಪು ಲೈಟ್‌ಹೌಸ್

ಆ ರೀಲನ್ನು ಇನ್ನೊಮ್ಮೆ ನೋಡಿ. ವ್ಯಾನಿನ ಒಳಗೆ ಇರುವುದು ನಾಲ್ಕೇ ಸಾಮಾನು: ಮಲಗಲಿಕ್ಕೆ ಒಂದು ಹಾಸಿಗೆ, ಒಳಗಿನಿಂದ ಹಾಕುವ ಚಿಲಕ, ಒಂದು ಟಾಯ್ಲೆಟ್, ಒಂದು ಲೈಟ್. ಹುಡುಗಿಯರು ಸೇವ್ ಮಾಡಿದ್ದು ಸಮುದ್ರವನ್ನಲ್ಲ. ಸಮುದ್ರ ನಮಗೆ ಮನೆ ಹಿಂದೆ ಉಂಟು. ಸೇವ್ ಮಾಡಿದ್ದು ಈ ನಾಲ್ಕನ್ನು.

ಈಗ ಫೋಟೋ ನೋಡಿ. ಈ ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್. ಎಕನಾಮಿಕ್ಸ್ ಪಾಠದಲ್ಲಿ ಪಬ್ಲಿಕ್ ಗೂಡ್ ಅಂತ ಬರ್ತದಲ್ಲ, ಅದಕ್ಕೆ ಎಲ್ಲ ಪುಸ್ತಕದಲ್ಲೂ ಕೊಡುವ ಉದಾಹರಣೆ ಲೈಟ್‌ಹೌಸ್. ಒಂದು ದೋಣಿಗೆ ಬೆಳಕು ಸಿಕ್ಕಿದ್ರೆ ಇನ್ನೊಂದಕ್ಕೆ ಕಮ್ಮಿ ಆಗುವುದಿಲ್ಲ, ದುಡ್ಡು ಕೊಡದವನಿಗೆ ಬೆಳಕು ಬೀಳದ ಹಾಗೆ ಮಾಡಲಿಕ್ಕೂ ಆಗುವುದಿಲ್ಲ. ಹಾಗಾಗಿ ಅದನ್ನು ಎಲ್ಲರ ದುಡ್ಡಿನಲ್ಲಿ, ಎಲ್ಲರಿಗಾಗಿ ಕಟ್ಟುವುದು. ಪ್ರತಿ ದೋಣಿಯವನೂ ಸ್ವಂತ ಲೈಟ್‌ಹೌಸ್ ಹೊತ್ತುಕೊಂಡು ಹೋಗಲಿ ಅಂತ ಯಾರೂ ಹೇಳಲಿಲ್ಲ.

ದಡದಲ್ಲಿರುವ ಹುಡುಗಿಗೆ ಮಾತ್ರ ನಾವು ಹೇಳ್ತಾ ಇರುವುದು ಅದನ್ನೇ. ನಿನಗೆ ಬೆಳಕು, ಚಿಲಕ, ಟಾಯ್ಲೆಟ್ ಬೇಕಾ? ಸಾಲ ಮಾಡಿ ಗಾಡಿ ತಗೋ, ಹೊತ್ತುಕೊಂಡು ಹೋಗು.

3/8 📍 ಉಡುಪಿ, ಕ್ಲಾಸಿನ ಡೆಸ್ಕ್ ಮೇಲಿನ ಕ್ಯಾಲ್ಕುಲೇಟರ್

ಬಿ.ಕಾಂ. ಓದುವವರು ನಾವು, ಲೆಕ್ಕ ಹಾಕದೆ ಬಿಡುವುದು ಹೇಗೆ?

ಗಾಡಿ, ಒಳಗಿನ ಕೆಲಸ ಎಲ್ಲ ಸೇರಿ 10 ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಬಡ್ಡಿ 10%, ಅವಧಿ 5 ವರ್ಷ. ತಿಂಗಳ ಕಂತು ₹21,247. ಐದು ವರ್ಷದಲ್ಲಿ ಕಟ್ಟುವುದು ಹೆಚ್ಚುಕಮ್ಮಿ ₹12.75 ಲಕ್ಷ. ಅದೇ ಗಾಡಿಗೆ ವರ್ಷಕ್ಕೆ 15% ಡಿಪ್ರಿಸಿಯೇಷನ್ ಕಳೆಯುತ್ತಾ ಬನ್ನಿ. ಸಾಲ ತೀರುವ ದಿನ ಪುಸ್ತಕದಲ್ಲಿ ಉಳಿಯುವುದು ₹4.44 ಲಕ್ಷ. ಇನ್ಶೂರೆನ್ಸ್, ಟ್ಯಾಕ್ಸ್, ಡೀಸೆಲ್, ಟೋಲ್ ಇನ್ನೂ ಹಾಕಲೇ ಇಲ್ಲ. ಇಷ್ಟಾಗಿ ಕೆಲಸದಲ್ಲಿರುವವರಿಗೆ ರಜೆ ಸಿಗುವುದು ಎಷ್ಟು? ವರ್ಷಕ್ಕೆ ಹದಿನೈದು ದಿನ. ಉಳಿದ 350 ದಿನ ಆ ಆಸ್ತಿ ಮನೆ ಅಂಗಳದಲ್ಲಿ ಕೋಳಿಗೆ ನೆರಳು ಕೊಡ್ತದೆ.

"ಹಳೇ ಓಮ್ನಿ ತಗೊಂಡು ನಾವೇ ಹಾಸಿಗೆ ಹಾಕುದು" ಅನ್ನುವವರಿಗೆ: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಓದಿ. ಗಾಡಿಯ ರೂಪ ನಮಗೆ ಬೇಕಾದ ಹಾಗೆ ಬದಲಾಯಿಸಲಿಕ್ಕೆ ಇಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಇದು ಯಾವ ರೀಲಿನಲ್ಲೂ ಬರುವುದಿಲ್ಲ.

4/8 📍 ಕಾಪು, ದೋಣಿ ಎಳೆದಿಡುವ ಜಾಗ

ರೀಲಿನಲ್ಲಿ ಬಾರದ ಇನ್ನೊಂದು ವಿಷಯ: ವ್ಯಾನಿನ ಟಾಯ್ಲೆಟ್ ಟ್ಯಾಂಕ್ ತುಂಬಿದ ಮೇಲೆ ಎಲ್ಲಿ ಖಾಲಿ ಮಾಡ್ತಾರೆ?

ಅಮೆರಿಕದಲ್ಲಿ ಅದಕ್ಕೆ ಅಂತಲೇ ಜಾಗ ಉಂಟು. ಗಾಡಿ ನಿಲ್ಲಿಸಿ ಪೈಪ್ ಜೋಡಿಸಿದ್ರೆ ಕೊಳಚೆ ಒಳಚರಂಡಿಗೆ ಹೋಗ್ತದೆ. ನಮ್ಮ ಹೆದ್ದಾರಿ 66 ಪನ್ವೇಲಿನಿಂದ ಕನ್ಯಾಕುಮಾರಿವರೆಗೆ ಕಡಲ ಬದಿಯಲ್ಲೇ ಹೋಗ್ತದೆ, ಕಾಪು ಪೇಟೆಯ ಪಕ್ಕದಲ್ಲೇ. ಈ ದಾರಿಯಲ್ಲಿ ಅಂಥ ಒಂದು ಜಾಗ ನೀವು ನೋಡಿದ್ದೀರಾ? ಇಲ್ಲದಿದ್ದರೆ ಅದು ಎಲ್ಲಿಗೆ ಹೋಗ್ತದೆ ಅಂತ ನೀವೇ ಯೋಚಿಸಿ. ಈ ಹೊಯಿಗೆ ಬೆಳಿಗ್ಗೆ ಬಲೆ ಹರಡುವವರ ಅಂಗಳ, ನಮ್ಮ ವಿಡಿಯೋದ ಹಿನ್ನೆಲೆ ಆಮೇಲೆ.

ಸುರಕ್ಷತೆ ಅಂತೀರಾ? ರಾತ್ರಿ ಹನ್ನೊಂದಕ್ಕೆ ಖಾಲಿ ಬೀಚಲ್ಲಿ ಒಂಟಿ ವ್ಯಾನ್ ನಿಂತಿದೆ, ಒಳಗೆ ಒಬ್ಬಳು ಹುಡುಗಿ ಇದ್ದಾಳೆ ಅಂತ ರೀಲ್ ನೋಡಿದವರಿಗೆಲ್ಲ ಗೊತ್ತು. ಅದೇ ಹೊತ್ತಿಗೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಎಪ್ಪತ್ತು ಜನ, ಎದುರು ಸೀಟಿನಲ್ಲಿ ಮೂಡೆ ಬಿಚ್ಚಿ "ತಿನ್ನು ಮಗಾ" ಅನ್ನುವ ಒಬ್ಬರು ಅಮ್ಮ. ನನಗೆ ಎರಡನೆಯದೇ ಧೈರ್ಯ. ಜನ ಇರುವ ಕಡೆ ಹೆಣ್ಣುಮಕ್ಕಳಿಗೆ ಯಾವಾಗಲೂ ಸುರಕ್ಷಿತ ಅಂತ ಹೇಳ್ತಾ ಇಲ್ಲ. ತೊಂದರೆ ಕೊಡುವವನು ಬಸ್ಸಿನಲ್ಲೂ ಇರ್ತಾನೆ. ಆದ್ರೆ ಬಸ್ಸಿನಲ್ಲಿ ಬೊಬ್ಬೆ ಹಾಕಿದ್ರೆ ಕಂಡಕ್ಟರ್ ಸೀಟಿ ಊದಿ ನಿಲ್ಲಿಸ್ತಾನೆ. ಬೀಚಿನಲ್ಲಿ ಯಾರು ಊದುದು?

5/8 📍 ಕಾರ್ಕಳ, ಗೊಮ್ಮಟ ಬೆಟ್ಟದ ಮೆಟ್ಟಿಲು

ಈಗ ಮನೆಯವರ ಕಡೆಗೆ ಬರುವ. "ಒಬ್ಳೇನಾ? ಒಬ್ಳೇ ಎಂತಕ್ಕೆ? ನಮ್ಮಲ್ಲಿ ಹಾಗೆಲ್ಲ ಇಲ್ಲ."

ಇಲ್ಲ ಅಂದವರು ಯಾರು? ಮಲ್ಪೆಯಲ್ಲಿ ನಸುಕಿಗೆ ಮೀನು ತಗೊಂಡು, ಬುಟ್ಟಿ ಬಸ್ಸಿಗೆ ಹಾಕಿ, ಊರೂರಿಗೆ ಹೋಗಿ ಮಾರುವ ಮೀನಿನ ಅಕ್ಕಂದಿರು ಯಾರ ಜೊತೆ ಹೋಗ್ತಾರೆ? ಒಬ್ಬರೇ. ನಿಮ್ಮ ಮನೆ ಗಂಜಿಗೆ ಮೀನು ಬಂದದ್ದು ಒಬ್ಬಳೇ ಪ್ರಯಾಣ ಮಾಡಿದ ಹೆಂಗಸಿನ ಕೈಯಿಂದ.

ಹನ್ನೆರಡು ವರ್ಷಕ್ಕೆ ಬೊಂಬಾಯಿ ಹೋಟೆಲಿಗೆ ಹೋದ ಅಜ್ಜನ ಕಥೆ ಇಲ್ಲದ ಮನೆ ಈ ಜಿಲ್ಲೆಯಲ್ಲಿ ಉಂಟಾ? ಕೊಂಕಣ ರೈಲು ಪೂರ್ತಿ ಓಡಲಿಕ್ಕೆ ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಗೊತ್ತಿಲ್ಲದ ಭಾಷೆಯ ಊರಿಗೆ, ಫೋನಿಲ್ಲದ ಕಾಲದಲ್ಲಿ, ಹುಡುಗರು ಒಬ್ಬೊಬ್ಬರೇ ಹೋದರು. ಅವರಿಗೆ ಸನ್ಮಾನ ಮಾಡ್ತೇವೆ. ಯಕ್ಷಗಾನ ಮೇಳದವರು ದೀಪಾವಳಿ ಕಳೆದು ಹೊರಟರೆ ಪತ್ತನಾಜೆವರೆಗೆ ತಿರುಗಾಟ. ರಾತ್ರಿ ಒಂದೂರಲ್ಲಿ ಆಟ, ಹಗಲು ಇನ್ನೊಂದೂರಲ್ಲಿ ನಿದ್ದೆ, ಗಂಟು ಪೆಟ್ಟಿಗೆ ಎಲ್ಲ ಗಾಡಿಯಲ್ಲಿ. ಇಡೀ ಚಳಿಗಾಲ ರಸ್ತೆ ಮೇಲೆ ಬದುಕುವುದನ್ನು ನಮಗೆ ಯಾವ ರೀಲೂ ಕಲಿಸಬೇಕಾಗಿಲ್ಲ. ಆದ್ರೆ ಆ ಗೌರವ ಗಂಡಸರಿಗೆ ಮಾತ್ರ ಇಟ್ಟುಕೊಂಡಿದ್ದೇವೆ.

ಮಣಿಪಾಲಕ್ಕೆ ಹೋಗಿ ನೋಡಿ. ಕೆಎಂಸಿ ಶುರುವಾದದ್ದು 1953ರಲ್ಲಿ. ದೆಹಲಿ, ಕೋಲ್ಕತ್ತಾದ ಹುಡುಗಿಯರು ಎರಡು ಸಾವಿರ ಕಿಲೋಮೀಟರ್ ದಾಟಿ ಬಂದು ಇಲ್ಲಿ ಓದ್ತಾರೆ. ಅವರಿಗೆ ರೂಮ್ ಬಾಡಿಗೆಗೆ ಕೊಟ್ಟು, ಊಟ ಬಡಿಸಿ ಬದುಕುವ ಊರು ನಮ್ಮದು. ಬಂದವರ ಮಗಳು ಒಬ್ಬಳೇ ಬಂದ್ರೆ ಹುಷಾರಿನ ಹುಡುಗಿ. ನಮ್ಮ ಮಗಳು ಒಬ್ಬಳೇ ಹೋದ್ರೆ ತಲೆ ಕೆಟ್ಟಿದೆ.

ಇನ್ನೊಂದು ಗಮನಿಸಿ: ಬ್ಯಾಂಕ್ ಪರೀಕ್ಷೆಗೆ, ಇಂಟರ್‌ವ್ಯೂಗೆ ನಮ್ಮನ್ನು ಒಬ್ಬಳನ್ನೇ ಬೆಂಗಳೂರಿಗೆ ಕಳಿಸ್ತಾರೆ. ಅದೇ ಬಸ್ಸು, ಅದೇ ರಾತ್ರಿ. ಸಂಬಳ ತರುವ ಪ್ರಯಾಣಕ್ಕೆ ಇಲ್ಲದ ಭಯ ಖುಷಿಗೆ ಹೋಗುವ ಪ್ರಯಾಣಕ್ಕೆ ಎಲ್ಲಿಂದ ಬರ್ತದೆ?

6/8 📍 ಮಂಗಳೂರು ಸೆಂಟ್ರಲ್

ಜನವರಿಯಲ್ಲಿ ಕನ್ಯಾಕುಮಾರಿಗೆ ಹೋಗಬೇಕು ಅಂತ ನನಗೆ ಆಸೆ. ಒಬ್ಬಳೇ. ಪರಶುರಾಮ್ ಎಕ್ಸ್‌ಪ್ರೆಸ್ 2024ರಿಂದ ಮಂಗಳೂರಿನಿಂದ ಕನ್ಯಾಕುಮಾರಿವರೆಗೂ ಹೋಗ್ತದೆ. ಹಗಲಿಡೀ ಕಿಟಕಿ ಪಕ್ಕ ಕೂತು ಇಡೀ ಕೇರಳ ನೋಡಬಹುದು. ರೈಲಿನ ಒಳಗೆ ನನಗೆ ಹೆದರಿಕೆ ಇಲ್ಲ. ಒಂಟಿಯಾಗಿ ಹೋಗುವ ಮಹಿಳೆಯರಿಗೆ ಅಂತಲೇ ರೈಲ್ವೆ ರಕ್ಷಣಾ ಪಡೆ 2020ರಲ್ಲಿ 'ಮೇರಿ ಸಹೇಲಿ' ಶುರು ಮಾಡಿದೆ. 139 ಉಂಟು, 112 ಉಂಟು.

ಕಷ್ಟ ಇರುವುದು ರೈಲು ಹತ್ತುವ ಮೊದಲು. ಅದು ಮಂಗಳೂರು ಬಿಡುವುದು ನಸುಕಿಗೆ. ನನ್ನ ಮನೆ ಕಾರ್ಕಳದ ಹತ್ತಿರ. ಆ ಹೊತ್ತಿಗೆ ಸ್ಟೇಷನ್ ತಲುಪಿಸುವ ಬಸ್ಸು ನಮ್ಮ ಕಡೆಯಿಂದ ಇಲ್ಲ. ಅಂದ್ರೆ ಹಿಂದಿನ ರಾತ್ರಿ ಮಂಗಳೂರಲ್ಲೇ ಉಳಿಯಬೇಕು. ಒಂದು ಲಾಡ್ಜಿಗೆ ಫೋನ್ ಮಾಡಿದೆ.

"ಎಷ್ಟು ಜನ?"
"ಒಬ್ಬಳೇ."
"ಜೊತೆಗೆ ಫ್ಯಾಮಿಲಿ ಇಲ್ವಾ? ಸಿಂಗಲ್ ಲೇಡೀಸಿಗೆ ರೂಮ್ ಕೊಡುದಿಲ್ಲಮ್ಮ."

ನನಗೆ ಇಪ್ಪತ್ತು ವರ್ಷ. ಓಟು ಹಾಕ್ತೇನೆ, ಕಂಪನಿ ಶುರು ಮಾಡಿದ್ರೆ ಡೈರೆಕ್ಟರ್ ಆಗಬಹುದು. ಆಧಾರ್ ತೋರಿಸಿ, ದುಡ್ಡು ಕೊಟ್ಟು ಒಂದು ರಾತ್ರಿ ಮಲಗಲಿಕ್ಕೆ ಮಾತ್ರ ಇಲ್ಲ. ಒಬ್ಬಳೇ ಬಂದ ವಯಸ್ಕ ಹೆಂಗಸಿಗೆ ರೂಮ್ ಕೊಡಬಾರದು ಅಂತ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಏಳುನೂರು ಚಿಲ್ಲರೆ ಕಿಲೋಮೀಟರಿನ ಪ್ರಯಾಣ ನಿಂತದ್ದು ಒಂದು ರಾತ್ರಿಯ ಒಂದು ಹಾಸಿಗೆಗೆ. ವ್ಯಾನ್ ಮಾರುವವರು ಲಾಭ ಮಾಡುವುದು ಇಂಥ ಜಾಗದಲ್ಲೇ.

7/8 📍 ಉಡುಪಿ ಬಸ್‌ಸ್ಟ್ಯಾಂಡ್

ಪಕ್ಕದ ಕೇರಳ ನೋಡಿ. 2021ರಲ್ಲಿ 'ಕೆರವಾನ್ ಕೇರಳ' ಅಂತ ಕ್ಯಾರವಾನ್ ಪ್ರವಾಸೋದ್ಯಮ ಶುರು ಮಾಡಿದರು. ಗಾಡಿ ಕೊಳ್ಳುವವರಿಗೆ ಸಬ್ಸಿಡಿ ಕೂಡ ಇಟ್ಟರು. ಪೇಪರಿನಲ್ಲಿ ದೊಡ್ಡದಾಗಿ ಬಂತು, ರೀಲೂ ಬಂತು. ಅದೇ ರಾಜ್ಯ ಸದ್ದಿಲ್ಲದೆ ಮಾಡಿದ ಬೇರೆ ಎರಡು ಕೆಲಸ ಉಂಟು. ಒಂದು, ರಸ್ತೆ ಬದಿಯಲ್ಲಿ 'ಟೇಕ್ ಎ ಬ್ರೇಕ್' ಹೆಸರಿನ ಟಾಯ್ಲೆಟ್, ವಿಶ್ರಾಂತಿ ಜಾಗಗಳು. ಎರಡು, ಕೊಚ್ಚಿ ನಗರಪಾಲಿಕೆ ಎರ್ನಾಕುಳಂ ನಾರ್ತ್ ಸ್ಟೇಷನ್ ಹತ್ತಿರ ತೆರೆದ ಷಿ ಲಾಡ್ಜ್. ಕಡಿಮೆ ಬಾಡಿಗೆ, ಹೆಂಗಸರಿಗೆ ಮಾತ್ರ. "ಜೊತೆಗೆ ಯಾರು" ಅಂತ ಕೇಳುವ ಪ್ರಶ್ನೆಯೇ ಹುಟ್ಟದ ಜಾಗ. ನಾವು ಕಲಿಯಬೇಕಾದ್ದು ಈ ಎರಡನ್ನು.

ನಮ್ಮ ರಾಜ್ಯ ಏನೂ ಮಾಡಲಿಲ್ಲ ಅಂತ ಅಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ರಾಜ್ಯದ ಒಳಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದ್ರೆ ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಿನವು ಖಾಸಗಿ ಬಸ್ಸು. ಉಡುಪಿ–ಮಣಿಪಾಲ, ಉಡುಪಿ–ಕಾರ್ಕಳ, ದಿನಾ ನಾವು ಹತ್ತುವುದು ಅದನ್ನೇ, ಕೊಡುವುದು ಪೂರ್ತಿ ದುಡ್ಡು ಇಲ್ಲಾ ಪಾಸು. ಖಾಸಗಿ ಬಸ್ಸಿನ ಮೇಲೆ ನನಗೆ ಸಿಟ್ಟಿಲ್ಲ. ಅವರು ಇಲ್ಲದಿದ್ದರೆ ನಾನು ಕಾಲೇಜಿಗೇ ಬರ್ತಿರಲಿಲ್ಲ. ಆದ್ರೆ ಸಂಜೆ ಕಳೆದು ಜನ ಕಮ್ಮಿ ಆದ ಮೇಲೆ ಲಾಭ ಇಲ್ಲ ಅಂತ ಟ್ರಿಪ್ ನಿಲ್ಲಿಸುವ ಹಕ್ಕು ಖಾಸಗಿಯವರಿಗೆ ಉಂಟು. ಲಾಭ ಇಲ್ಲದ ಹೊತ್ತಿಗೂ ಓಡಬೇಕಾದ್ದು ಸರಕಾರಿ ಬಸ್ಸು.

8/8 📍 ಇಂದ್ರಾಳಿ, ಉಡುಪಿ ರೈಲ್ವೆ ಸ್ಟೇಷನ್

ಹಾಗಾಗಿ ನಾವು ಕೇಳಬೇಕಾದ್ದು ಮೂರು.

▪️ ಕೊನೆಯ ಬಸ್ಸು ಹೊರಡುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಲೈಟ್ ಉರಿಯಬೇಕು, ಹೆಂಗಸರ ಟಾಯ್ಲೆಟ್ಟಿನ ಬೀಗ ತೆಗೆದಿರಬೇಕು.
▪️ ಉಡುಪಿ, ಮಂಗಳೂರಿನಲ್ಲಿ ಸ್ಟೇಷನ್ ಹತ್ತಿರ ಒಂದೊಂದು ಷಿ ಲಾಡ್ಜ್. ನಗರಸಭೆ, ಮಹಾನಗರಪಾಲಿಕೆ ನಡೆಸಲಿ.
▪️ ಕಾರ್ಕಳ, ಕಾಪು ಕಡೆಗೆ ರಾತ್ರಿ ಮತ್ತು ನಸುಕಿಗೆ ಸರಕಾರಿ ಬಸ್ಸು.

ಇದನ್ನು ಬರೆದು ನಗರಸಭೆಗೆ ಕೊಡುವ. ನಾನು ಅರ್ಜಿ ಟೈಪ್ ಮಾಡಿಟ್ಟಿದ್ದೇನೆ. ಕ್ಲಾಸಿನವರು ಸೋಮವಾರ ಸಹಿ ಹಾಕಿ. ಹುಡುಗರೂ ಹಾಕಿ. ನೀವು ಬೈಕ್ ತಗೊಂಡು ಗೋವಾಕ್ಕೆ ಹೋದಾಗ ಯಾರೂ ಅರ್ಜಿ ಕೇಳಲಿಲ್ಲ, ನೆನಪಿರಲಿ.

ದುಡ್ಡಿಗೆ ನಮ್ಮೂರಿನದೇ ದಾರಿ ಉಂಟು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು, ದಿನಕ್ಕೆ ಎರಡಾಣೆ. 2020ರಲ್ಲಿ ಬ್ಯಾಂಕು ಕೆನರಾದ ಜೊತೆ ಸೇರಿ ಹೋಯಿತು, ಪಿಗ್ಮಿಯ ಬುದ್ಧಿ ನಮ್ಮ ಹತ್ತಿರ ಉಳಿದಿದೆ. ದಿನಕ್ಕೆ ₹20 ತೆಗೆದಿಡಿ. ವರ್ಷಕ್ಕೆ ₹7,300. ಸ್ಲೀಪರ್ ಟಿಕೆಟ್ಟಿಗೆ, ಊಟಕ್ಕೆ, ಎರಡು ಮೂರು ರಾತ್ರಿಯ ಹಾಸಿಗೆಗೆ ಧಾರಾಳ ಸಾಕು. ವ್ಯಾನಿನ ಒಂದು ತಿಂಗಳ ಕಂತಿನಲ್ಲಿ ಇಂಥ ಮೂರು ಹುಡುಗಿಯರು ಹೋಗಿ ಬರಬಹುದು.

ಮತ್ತೆ, ಅಲ್ಲಿವರೆಗೆ ಕಾಯ್ತಾ ಕೂರಬೇಡಿ. ಈ ಭಾನುವಾರ ಒಬ್ಬಳೇ ಕಾರ್ಕಳದಿಂದ ಕಾಪುವಿಗೆ ಹೋಗಿ, ಲೈಟ್‌ಹೌಸ್ ಹತ್ತಿ, ಐಸ್‌ಕ್ರೀಮ್ ತಿಂದು ವಾಪಸ್ ಬನ್ನಿ. ಮುಂದಿನ ತಿಂಗಳು ಮಂಗಳೂರಿನಿಂದ ಸರಕಾರಿ ಬಸ್ಸಿನಲ್ಲಿ ತಲಪಾಡಿ ದಾಟಿ ಕಾಸರಗೋಡು. ಅಲ್ಲಿ ಕನ್ನಡವೂ ನಡೀತದೆ, ತುಳುವೂ ನಡೀತದೆ. ಹೋಗುವುದನ್ನು ಮನೆಯಲ್ಲಿ ಹೇಳಿಯೇ ಹೋಗಿ, ಲೊಕೇಶನ್ ಕಳಿಸಿ. ಕದ್ದು ಹೋದ್ರೆ ಅದು ನಿಮ್ಮದೊಬ್ಬರ ಸುತ್ತಾಟ. ಹೇಳಿ ಹೋಗಿ ಬಂದ್ರೆ ನಿಮ್ಮ ತಂಗಿಗೂ ದಾರಿ ಆಗ್ತದೆ.

ನಾನು ಮಂಗಳೂರಿನಲ್ಲಿ ಆ ಒಂದು ರಾತ್ರಿಗೆ ಹಾಸಿಗೆ ಹುಡುಕ್ತಾ ಇದ್ದೇನೆ. ಒಬ್ಬಳೇ ಬಂದವಳಿಗೆ ರೂಮ್ ಕೊಡುವ ಒಳ್ಳೆ ಜಾಗ ಗೊತ್ತಿದ್ರೆ ಮೆಸೇಜ್ ಮಾಡಿ. ಪಟ್ಟಿ ಮಾಡಿ ಎಲ್ಲರಿಗೂ ಹಾಕ್ತೇನೆ.

#ಒಬ್ಳೇ_ಹೋಗುದು #ಉಡುಪಿ #ಕಾಪು #ಕಾರ್ಕಳ #ಮಣಿಪಾಲ